ಅಮೂಲ್ಯಾಳ ಸಿಟ್ಟು

ಇಂದಿರಾನಗರ, ನಾಶಿಕ್
ಭಾನುವಾರ, 23 ನವೆಂಬರ್ 2025

ಪ್ರೀತಿಯ ಪ್ರೇಮಾ,

ಅನೇಕ ಆಶೀರ್ವಾದಗಳು. ಮೊದಲು ನಿನ್ನ ಎಡ ಮೊಣಕಾಲಿನ ಸಮಾಚಾರ ಬರೆ. ಧಾರವಾಡದಲ್ಲಿ ಥಂಡಿ ಶುರುವಾಗಿರಬೇಕು. ಬಾಣಂತಿಗೆ ಎಂದು ಕಾಯಿಸಿದ ಎಣ್ಣೆಯಲ್ಲಿ ಎರಡು ಚಮಚ ನೀನೂ ಕಾಲಿಗೆ ಹಚ್ಚಿಕೊಂಡರೆ ಭಾರ್ಗವಿ ಏನೂ ಅನ್ನುವುದಿಲ್ಲ. ಮಗಳು ಹೊಟ್ಟೆ ತುಂಬ ಊಟ ಮಾಡುತ್ತಾಳೋ ಇಲ್ಲವೋ? ಕೂಸು ಹಗಲು ಮಲಗಿ ರಾತ್ರಿ ಆಟವಾಡುವ ರೂಢಿ ಬಿಟ್ಟಿತೇ? ಮೊನ್ನೆ ಕಳಿಸಿದ ಫೋಟೋದಲ್ಲಿ ಮೂಗು ನಿನ್ನದೇ ಇದ್ದಂತೆ ಕಂಡಿತು. ಸೊಸೆ ಮೃದುಲಾ ಮಾತ್ರ ಅದು ಭಾರ್ಗವಿಯ ಅತ್ತೆಯ ಮನೆಯ ಮೂಗು ಎಂದು ವಾದಿಸುತ್ತಾಳೆ. ನಾನು ವಾದ ಮಾಡಲಿಲ್ಲ. ಈ ಮಾತನ್ನು ನೀನು ಇನ್ನೊಮ್ಮೆ ಓದಬಹುದು. ನನ್ನ ಬಿ.ಪಿ. ಕಳೆದ ಸೋಮವಾರ ನೂರಾ ಇಪ್ಪತ್ತೆಂಟು, ಎಂಬತ್ತೆರಡು. ಡಾಕ್ಟರರು ಯಂತ್ರ ಕೆಟ್ಟಿದೆಯೆಂದು ತಿಳಿದು ಎರಡನೇ ಸಲ ನೋಡಿದರು. ಇಲ್ಲಿ ಬೆಳಗ್ಗೆ ಸ್ವೆಟರ್ ಬೇಕಾಗುತ್ತದೆ. ನಿನ್ನ ತುಳಸಿಗೆ ನಾನೇ ನೀರು ಹಾಕುತ್ತೇನೆ.

ಇಷ್ಟನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತಲ್ಲ, ಈ ಮನುಷ್ಯನಿಗೆ ಕಾಗದ ಯಾಕೆ ಬೇಕಾಯಿತು ಎಂದು ನೀನು ಕನ್ನಡಕ ಸರಿಮಾಡಿಕೊಳ್ಳುತ್ತಿರಬೇಕು. ಫೋನ್ ಕೈಗೆ ಬಂದರೆ ನನ್ನ ದನಿ ತಾನಾಗಿ ಏರುತ್ತದೆ, ನೀನು ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ‘ಹೂಂರಿ, ಹೂಂರಿ’ ಅನ್ನುತ್ತೀ. ಕಾಗದದ ಮೇಲೆ ಕೂಗಲು ಬರುವುದಿಲ್ಲ. ಅದಕ್ಕೇ ಬ್ಯಾಂಕಿನಿಂದ ನಿವೃತ್ತನಾದಾಗ ಕೊಟ್ಟ ಪೆನ್ನು ಹುಡುಕಿ, ಶಾಯಿ ತುಂಬಿಸಿ ಕೂತಿದ್ದೇನೆ. ಒಂದು ಸಂಗತಿ ನಿನಗೆ ಯಾರೂ ಪೂರ್ತಿ ಹೇಳಿಲ್ಲ. ಹೇಳಬೇಕಾದವನು ನಾನು.

ದೀಪಾವಳಿಗೆ ಎಂಟು ದಿನ ಮೊದಲು ಅಮೂಲ್ಯಾ ಕರಾಟೆ ಸ್ಪರ್ಧೆಗೆ ಸಂಭಾಜಿನಗರಕ್ಕೆ ಹೋಗಿ ಬಂದದ್ದು ನಿನಗೆ ಗೊತ್ತು. ‘ಎರಡನೇ ಸುತ್ತಿನೊಳಗ ಸೋತಳು’ ಎಂದು ಅವಳಪ್ಪ ಸುಹಾಸ ನಿನಗೆ ಫೋನಿನಲ್ಲಿ ಹೇಳಿದ. ಅವಳು ಸೋಲಲಿಲ್ಲ, ಪ್ರೇಮಾ. ನಾನು ಸೋಲಿಸಿದೆ.

ಆ ಭಾನುವಾರ ಸುಹಾಸನಿಗೆ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಡ್ಯೂಟಿ ಬಿತ್ತು. ಮೃದುಲಾಳಿಗೆ ಜ್ವರ. ಮಕ್ಕಳ ಜೊತೆ ದೊಡ್ಡವರೊಬ್ಬರು ಬಂದರೆ ಒಳ್ಳೆಯದು ಎಂದು ಕರಾಟೆ ಕಲಿಸುವ ತನ್ಮಯ ಸರ್ ಹೇಳಿದ್ದರು. ನಾನು ಬರುತ್ತೇನೆ ಎಂದಾಗ ಸುಹಾಸ ಡ್ಯೂಟಿ ಬದಲಿಸಲು ಆಗುತ್ತದೆಯೇ ಎಂದು ಇನ್ನೊಮ್ಮೆ ಫೋನ್ ಮಾಡಿ ನೋಡಿದ. ಆಗ ಅದರ ಅರ್ಥ ನನಗೆ ಆಗಲಿಲ್ಲ. ಬೆಳಗಿನ ಗಾಡಿಗೆ ನಾಶಿಕ್ ರೋಡಿನಲ್ಲಿ ಹತ್ತಿದೆವು. ಎಂಟು ಮಕ್ಕಳು, ತನ್ಮಯ ಸರ್, ನಾನು. ಮನ್ಮಾಡ್‌ನಲ್ಲಿ ಜನ ನುಗ್ಗಿತು. ದಪ್ಪ ಮೀಸೆಯ ಒಬ್ಬ ಬಂದವನೇ ತನ್ನ ಟ್ರಂಕನ್ನು ಅಮೂಲ್ಯಾಳ ಕಾಲಿನ ಮೇಲೆಯೇ ಇಟ್ಟ ಹಾಗೆ ಇಟ್ಟು, ಅವಳ ಸೀಟಿನ ಅರ್ಧಭಾಗದಲ್ಲಿ ಕೂತುಬಿಟ್ಟ. ನಾನು ಎದ್ದೆ. ಅವಳು ನನ್ನ ಮೊಣಕಾಲ ಮೇಲೆ ಕೈಯಿಟ್ಟು, ‘ಅಜ್ಜಾ, ರಾಹೂ ದ್ಯಾ. ರೋಟೆಗಾಂವ್‌ಕ ಇಳೀತಾರ’ ಎಂದಳು, ಬಿಟ್ಟುಬಿಡಿ ಅನ್ನುವ ಹಾಗೆ. ಅವನು ನಿಜಕ್ಕೂ ರೋಟೆಗಾಂವ್‌ನಲ್ಲಿ ಇಳಿದ. ಇಳಿಯುವಾಗ ಮಕ್ಕಳಿಗೆಲ್ಲ ಒಂದೊಂದು ಸೀತಾಫಲ ಕೊಟ್ಟು ಹೋದ. ನಡುವೆ ನಗರಸೋಲ್‌ನಲ್ಲಿ ಯೇವಲಾ ಕಡೆಯ ಹೆಂಗಸೊಬ್ಬಳು ಪೈಠಣಿಯ ಗಂಟು ಹೊತ್ತು ಹತ್ತಿದಳು. ನವಿಲುಕಂಠದ ಬಣ್ಣದ್ದೊಂದು ಸೀರೆ ನೋಡಿ ನಿನ್ನ ನೆನಪಾಯಿತು. ಆದರೆ ನೀನಿಲ್ಲದೆ ಸೀರೆ ಆರಿಸಿ ಹಿಂದೆ ಎರಡು ಸಲ ಕೆಟ್ಟಿದ್ದೇನಲ್ಲ, ಸುಮ್ಮನೆ ಕೂತೆ.

ಅಮೂಲ್ಯಾ ಆರು ವರ್ಷದವಳಿದ್ದಾಗ ಶಾಲೆಯಲ್ಲಿ ಒಂದು ಹುಡುಗಿಯ ಕೈ ಕಚ್ಚಿ, ಇನ್ನೊಬ್ಬಳ ಟಿಫಿನ್ ಡಬ್ಬಿ ಕಿಟಕಿಯಿಂದ ಹೊರಗೆಸೆದು ಬಂದಿದ್ದಳು. ಮರುದಿನವೇ ನೀನು ಅವಳ ಕೈ ಹಿಡಿದು ಕರಾಟೆ ಕ್ಲಾಸಿಗೆ ಸೇರಿಸಿದೆ. ಜಗಳಗಂಟ ಹುಡುಗಿಗೆ ಹೊಡೆದಾಟ ಕಲಿಸುತ್ತೀಯಾ ಎಂದು ನಾನು ಕೂಗಾಡಿದಾಗ, ‘ಸಿಟ್ಟು ಹಿಡಕೊಳ್ಳೋದು ಕಲಸ್ತಾರಂತ್ರಿ. ಮನ್ಯಾಗ ಒಬ್ಬರು ಸಾಕು’ ಎಂದು ನೀನು ಅಡುಗೆಮನೆಗೆ ಹೋದೆ. ಆ ಒಬ್ಬರು ಯಾರು ಎಂದು ನಾನು ಕೇಳಲಿಲ್ಲ. ಬ್ಯಾಂಕಿನಲ್ಲೂ ಅನ್ನುತ್ತಿದ್ದರಲ್ಲ, ಹೆಸರಿಗೆ ಮಧುಕರ, ಕೆಲಸ ಕಣಜದ ಹುಳುವಿನದು ಎಂದು. ಅದನ್ನು ನಾನು ಹೊಗಳಿಕೆಯೆಂದೇ ತಿಳಿದಿದ್ದೆ.

ಸ್ಪರ್ಧೆ ಒಂದು ದೊಡ್ಡ ಹಾಲಿನಲ್ಲಿ. ನೆಲದ ಮೇಲೆ ಕೆಂಪು ನೀಲಿ ಮ್ಯಾಟು, ಸುತ್ತ ಹಗ್ಗ ಕಟ್ಟಿ ಪಾಲಕರಿಗೆ ಪ್ಲಾಸ್ಟಿಕ್ ಕುರ್ಚಿ. ಮೊದಲ ಸುತ್ತಿನಲ್ಲಿ ನಮ್ಮ ಹುಡುಗಿ ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ. ಎರಡನೆಯದರಲ್ಲಿ ಎದುರಿಗೆ ಜಾಲನಾ ಊರಿನ ಹುಡುಗಿ, ಅವಳಿಗಿಂತ ಒಂದು ಗೇಣು ಎತ್ತರ, ಕೆಂಪು ಪಟ್ಟಿ ಕಟ್ಟಿದ್ದಳು. ಅಮೂಲ್ಯಾ ಮೂರು ಅಂಕ, ಅವಳು ಒಂದು. ಗೆದ್ದರೆ ರಾಜ್ಯಮಟ್ಟಕ್ಕೆ. ನಾನು ಕುರ್ಚಿಯಿಂದ ಎದ್ದು ನಿಂತು ‘ಹಾಕು ಅಮ್ಮೂ, ಹಾಕು’ ಎಂದು ಕೂಗುತ್ತಿದ್ದೆ. ಇಡೀ ಹಾಲಿನಲ್ಲಿ ನನ್ನದೇ ದನಿ. ಇನ್ನು ನಲವತ್ತು ಸೆಕೆಂಡು ಇದೆ ಅನ್ನುವಾಗ ರೆಫರಿ ‘ಯಾಮೆ’ ಎಂದ. ಅದು ನಿಲ್ಲಿಸಿರಿ ಎಂಬ ಮಾತು, ಕೇಳಿದ ಕೂಡಲೇ ಇಬ್ಬರೂ ಕೈ ಇಳಿಸಬೇಕು. ಅಮೂಲ್ಯಾ ಇಳಿಸಿದಳು. ರೆಫರಿ ಮೇಜಿನ ಕಡೆ ತಿರುಗಿದ. ಆ ಹೊತ್ತಿಗೆ ಕೆಂಪು ಪಟ್ಟಿಯವಳ ಮುಷ್ಟಿ ಬಂದು ಇವಳ ತುಟಿಗೆ ಬಿತ್ತು.

ತುಟಿ ಒಡೆದು ಬಿಳಿ ಅಂಗಿಯ ಮೇಲೆ ನಾಲ್ಕು ಹನಿ ರಕ್ತ ಬಿತ್ತು. ಅಮೂಲ್ಯಾ ಏನು ಮಾಡಿದಳು ಗೊತ್ತೇ? ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡು, ತನ್ನ ಗೆರೆಯ ಮೇಲೆ ಹೋಗಿ ನಿಂತಳು. ಡಾಕ್ಟರು ಬಂದು ಹತ್ತಿ ಒತ್ತಿ, ಆಡಬಹುದು ಎಂದರು. ರೆಫರಿ ಪಕ್ಕದ ಜಡ್ಜುಗಳನ್ನು ಕೇಳುತ್ತಿದ್ದ. ಅವರು ನೋಡಿದ್ದರು, ಆ ಹುಡುಗಿಗೆ ದಂಡ ಬೀಳುವುದರಲ್ಲಿತ್ತು. ಇದೆಲ್ಲ ಆಮೇಲೆ ತಿಳಿದದ್ದು. ಅಷ್ಟರಲ್ಲಿ ನಾನು ಹಗ್ಗ ದಾಟಿಯಾಗಿತ್ತು.

ಚಪ್ಪಲಿ ಹಾಕಿಕೊಂಡೇ ಮ್ಯಾಟಿನ ಮೇಲೆ ಹೋದೆ. ರೆಫರಿಯ ಅಂಗಿ ಹಿಡಿದೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಬೈದೆ. ಯಾವ ಭಾಷೆಯಲ್ಲಿ ಏನು ಬೈದೆ ಎಂದು ಬರೆಯುವುದಿಲ್ಲ, ನಿನಗೆ ಎಲ್ಲವೂ ಬಾಯಿಪಾಠ. ಅಂಗಿಯ ಗುಂಡಿ ಕಿತ್ತು ನನ್ನ ಕೈಗೆ ಬಂತು. ಆಮೇಲೆ ಆ ಕೆಂಪು ಪಟ್ಟಿಯ ಹುಡುಗಿಯ ಕಡೆ ತಿರುಗಿ, ನಿಮ್ಮ ಮನೆಯಲ್ಲಿ ಇದನ್ನೇ ಕಲಿಸಿದ್ದಾರಾ ಎಂದು ಗದರಿಸಿದೆ. ಅವಳಿಗೂ ಹದಿಮೂರೇ ವರ್ಷ, ಪ್ರೇಮಾ. ಬಾಯಿಯಲ್ಲಿ ಹಲ್ಲುಕವಚ ಇಟ್ಟುಕೊಂಡೇ ಅಳತೊಡಗಿದಳು. ಆ ಅಳು ಕೇಳಿದ ಮೇಲೆ ನನಗೆ ನಾನು ನಿಂತ ಜಾಗ ಕಾಣಿಸಿತು.

ಆಟಗಾರರ ಕಡೆಯವರು ಒಳಗೆ ನುಗ್ಗಿ ಅಧಿಕಾರಿಯ ಮೇಲೆ ಕೈ ಹಾಕಿದರೆ ಆಟಗಾರರನ್ನೇ ಹೊರಗೆ ಹಾಕುವುದು ಅವರ ನಿಯಮ. ಮೈಕಿನಲ್ಲಿ ಅಮೂಲ್ಯಾಳ ಹೆಸರು ಕರೆದು ಅನರ್ಹಳೆಂದರು. ಅವಳು ರೆಫರಿಗೆ ಬಾಗಿದಳು, ಆ ಹುಡುಗಿಗೆ ಬಾಗಿದಳು. ರೆಫರಿಯ ಹತ್ತಿರ ಹೋಗಿ, ‘ಸರ್, ಮಾಝೇ ಆಜೋಬಾ ಆಹೇತ, ಮಾಫ್ ಕರಾ’ ಎಂದಳು. ನನ್ನ ಅಜ್ಜ, ಕ್ಷಮಿಸಿ, ಅಷ್ಟೇ. ತಳ್ಳಾಟದಲ್ಲಿ ನನ್ನ ಒಂದು ಚಪ್ಪಲಿ ಮ್ಯಾಟಿನ ನಡುವೆ ಉಳಿದಿತ್ತು. ಅದನ್ನು ಅವಳು ಬಗ್ಗಿ ಕೈಯಲ್ಲಿ ಎತ್ತಿಕೊಂಡು ಬಂದು, ಹಗ್ಗದ ಆಚೆ ನನ್ನ ಕಾಲಿನ ಮುಂದೆ ಇಟ್ಟಳು.

ವಾಪಸ್ಸು ಗಾಡಿಯಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು. ನನ್ನ ಗುಳಿಗೆಯ ಹೊತ್ತು ನೆನಪಿಟ್ಟು ನೀರಿನ ಬಾಟಲಿ ಕೊಟ್ಟಳು. ತುಟಿ ಊದಿದ್ದರಿಂದ ತಾನು ತಿನ್ನಲಾಗದ ಚಿಕ್ಕಿ ನನಗೆ ಕೊಟ್ಟಳು. ಬೈಯಲಿಲ್ಲ, ಅಳಲಿಲ್ಲ, ಮುಖ ತಿರುಗಿಸಲಿಲ್ಲ. ಮನೆಗೆ ಬಂದು ‘ಡಿಸ್‌ಕ್ವಾಲಿಫೈ ಆದೆ, ನಿಯಮ ತಪ್ಪಿತು’ ಎಂದು ಅಪ್ಪನಿಗೆ ಹೇಳಿ ಸ್ನಾನಕ್ಕೆ ಹೋದಳು. ಯಾರು ತಪ್ಪಿಸಿದರು ಎಂದು ಹೇಳಲಿಲ್ಲ. ಮರುದಿನ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ ಬಂತು. ಅದರಲ್ಲಿ ನಾನು ಚೆನ್ನಾಗಿ ಕಾಣುತ್ತೇನೆ, ಮುಂಡಾಸೊಂದು ಇದ್ದಿದ್ದರೆ ಪೈಲ್ವಾನನೇ. ಸುಹಾಸ ನೋಡಿದ. ನನ್ನನ್ನೂ ನೋಡಿದ. ಚಹಾ ಕುಡಿದು ಫ್ಯಾಕ್ಟರಿಗೆ ಹೋದ. ಮೃದುಲಾ ಊಟಕ್ಕೆ ಬಡಿಸಿ, ‘ಇನ್ನೊಂದು ಭಕ್ರಿ ಹಾಕಲೇನ್ರಿ ಮಾವಾ’ ಎಂದಳು. ಹೀಗೆ ದೀಪಾವಳಿ ಬಂತು, ಚಕ್ಕುಲಿ ತಿಂದೆವು, ಆಕಾಶಬುಟ್ಟಿ ಕಟ್ಟಿದೆವು, ಯಾರೂ ಒಂದು ಮಾತೂ ಎತ್ತಲಿಲ್ಲ. ಮನೆಯಲ್ಲಿ ಎಲ್ಲರೂ ಬ್ಲ್ಯಾಕ್ ಬೆಲ್ಟ್ ಆಗಿದ್ದರು. ನನಗೆ ಯಾರಾದರೂ ಬೈದರೆ ಸಾಕಾಗಿತ್ತು.

ಬೈಸಿಕೊಳ್ಳೋಣವೆಂದೇ ಹಬ್ಬ ಮುಗಿದ ಮೇಲೆ ತನ್ಮಯ ಸರ್ ಹತ್ತಿರ ಹೋದೆ. ಸರ್ ಎನ್ನುತ್ತೇವೆ, ಹುಡುಗನಿಗೆ ಇಪ್ಪತ್ತೊಂಬತ್ತು. ಹಗಲೆಲ್ಲ ಅಂಬಡ್‌ನಲ್ಲಿ ಮೋಟಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಮಂಗಲ ಕಾರ್ಯಾಲಯದ ಹಾಲಿನಲ್ಲಿ ಕ್ಲಾಸು. ನಾನು ಕೈ ಮುಗಿದೆ. ಅವನು ನನ್ನ ಕೈ ಹಿಡಿದು, ‘ಕಾಕಾ, ನನ್ನನ್ನು ಕೇಳಬೇಡಿ, ಮಕ್ಕಳನ್ನು ಕೇಳಿ’ ಎಂದು ಮರಾಠಿಯಲ್ಲಿ ಹೇಳಿ, ಇಪ್ಪತ್ತೆರಡು ಮಕ್ಕಳನ್ನು ಸಾಲಾಗಿ ಕೂರಿಸಿದ. ಒಂದು ಕಾಲದಲ್ಲಿ ಇಡೀ ಬ್ಯಾಂಕ್ ಶಾಖೆಯನ್ನು ನಡುಗಿಸಿದ ಮನುಷ್ಯ ನಾನು, ಅವರ ಎದುರು ನಿಂತು ತಪ್ಪಾಯಿತು ಎಂದೆ. ಅಮೂಲ್ಯಾ ಮೂರನೇ ಸಾಲಿನಲ್ಲಿ ನೆಲ ನೋಡುತ್ತ ಕೂತಿದ್ದಳು. ಮೈತ್ರೇಯಿ ಎಂಬ ಆರು ವರ್ಷದ ಹುಡುಗಿ, ಮುಂದಿನ ಹಲ್ಲೆರಡೂ ಬಿದ್ದವಳು, ಕೈಯೆತ್ತಿದಳು. ‘ಸರ್, ಆಜೋಬಾರಿಗೆ ಬಿಳಿ ಬೆಲ್ಟೂ ಇಲ್ಲ. ಅವರಿಗೆ ಹೇಗೆ ಗೊತ್ತಾಗಬೇಕು?’ ಎಂದಳು. ನ್ಯಾಯವಾದ ಮಾತು.

ಅಲ್ಲಿ ನಿಯಮ ಮುರಿದವರು ಒಂದು ತಿಂಗಳು ಮ್ಯಾಟು ಗುಡಿಸಬೇಕು. ನಗು, ಪ್ರೇಮಾ, ನಗು. ಮನೆಯಲ್ಲಿ ಕಸಬರಿಗೆ ಎಲ್ಲಿದೆಯೆಂದು ತಿಳಿಯದವನು ದಿನಾ ಸಂಜೆ ಐದೂವರೆಗೆ ಹೋಗಿ ಇಪ್ಪತ್ತು ಮ್ಯಾಟು ಗುಡಿಸುತ್ತೇನೆ. ಗುಡಿಸಿದ ಮೇಲೆ ಸುಮ್ಮನೆ ಮನೆಗೆ ಬರಬಹುದಿತ್ತು. ಆದರೆ ತನ್ಮಯ ಸರ್ ಒಂದು ಸ್ಟೂಲು ಹಾಕಿ, ಮಂಡಿಯೂರಲು ಆಗದಿದ್ದರೆ ಇದರ ಮೇಲೆ ಕೂತು ಉಸಿರಾಟ ಕಲಿಯಿರಿ ಎಂದ. ಮೂಗಿನಿಂದ ನಾಲ್ಕು ಎಣಿಕೆ ಒಳಗೆ, ಬಾಯಿಯಿಂದ ಆರು ಎಣಿಕೆ ಹೊರಗೆ. ಸಿಟ್ಟು ಬರಬಾರದು ಎಂದು ಅವನು ಎಲ್ಲೂ ಹೇಳುವುದಿಲ್ಲ. ಒದೆಯುವ ಕಾಲು ನಿಮ್ಮದಾದರೆ ಒದೆಯದೆ ಇರುವ ಕಾಲೂ ನಿಮ್ಮದೇ ಆಗಿರಬೇಕು ಎನ್ನುತ್ತಾನೆ. ಇದನ್ನು ನಾನು ಮೊದಲ ದಿನ ಒಪ್ಪಲಿಲ್ಲ. ಹೊಡೆಯಲು ಕಲಿಸಿ ಹೊಡೆಯಬೇಡ ಅನ್ನುವುದು ಅಡುಗೆ ಕಲಿಸಿ ಉಪವಾಸ ಇರು ಅಂದ ಹಾಗೆ ಎಂದೆ. ಮಕ್ಕಳು ನಕ್ಕರು. ಅವನೂ ನಕ್ಕ. ‘ಬಾಕಿ ಉದ್ಯಾ, ಕಾಕಾ’ ಎಂದ, ಉಳಿದದ್ದು ನಾಳೆ ಎಂದು.

ನಡುವೆ ಇನ್ನೆರಡು ಕೆಲಸ ಮಾಡಿದೆ. ರೆಫರಿಯ ವಿಳಾಸ ತೆಗೆದುಕೊಂಡು ಕ್ಷಮೆ ಕೇಳಿ ಬರೆದು, ಅವರ ಗುಂಡಿಯನ್ನು ಅದೇ ಲಕೋಟೆಯಲ್ಲಿ ಹಾಕಿ ಕಳಿಸಿದೆ. ಗುಂಡಿ ಹೊಲಿಸಿಕೊಂಡ ಅಂಗಿಯ ಫೋಟೋ ಬಂತು, ಒಳ್ಳೆಯ ಮನುಷ್ಯ. ಜಾಲನಾದ ಹುಡುಗಿಗೂ ಅವಳ ಸರ್ ಮೂಲಕ ಫೋನ್ ಮಾಡಿದೆ. ಅವಳು, ಇರಲಿ ಬಿಡಿ ಆಜೋಬಾ, ನಿಜವಾಗಿ ನನಗೆ ‘ಯಾಮೆ’ ಎಂದದ್ದು ಕೇಳಿಸಲೇ ಇಲ್ಲ, ಹಾಲಿನಲ್ಲಿ ಯಾರೋ ತುಂಬಾ ಕೂಗುತ್ತಿದ್ದರು ಎಂದಳು. ಯಾರು ಕೂಗುತ್ತಿದ್ದರು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಆ ಕಡೆಯಿಂದ ಇಬ್ಬರು ಮೂವರು ಮಕ್ಕಳು ಒಟ್ಟಿಗೆ ನಕ್ಕದ್ದು ಕೇಳಿಸಿತು. ನನಗೆ ಮಾತ್ರ ಫೋನ್ ಇಟ್ಟ ಮೇಲೆ ಬಹಳ ಹೊತ್ತು ನಗು ಬರಲಿಲ್ಲ. ನಮ್ಮ ಹುಡುಗಿಯ ತುಟಿ ಒಡೆದದ್ದಕ್ಕೂ ಕಾರಣ ನಾನೇ ಆಗಿದ್ದೆ.

ಇನ್ನು ಮುಖ್ಯ ಸಂಗತಿ. ಈ ತಿಂಗಳ ಮೊದಲ ಶುಕ್ರವಾರ ಕ್ಲಾಸಿನಲ್ಲಿ ಒಂದು ಆಟ ಆಡಿಸಿದರು. ಇಬ್ಬರು ಎದುರುಬದುರು ನಿಲ್ಲುವುದು. ಒಬ್ಬರು ಒಂದು ನಿಮಿಷ ಏನು ಬೇಕಾದರೂ ಹೀಯಾಳಿಸುವುದು, ಇನ್ನೊಬ್ಬರು ಉಸಿರು ಮಾತ್ರ ಆಡುತ್ತ ಕೊನೆಗೆ ಬಾಗುವುದು. ನನ್ನ ಎದುರಿಗೆ ಮೈತ್ರೇಯಿಯನ್ನು ನಿಲ್ಲಿಸಿದರು. ನಿಮ್ಮ ಮೂಗು ಬಟಾಟೆ ಎಂದಳು. ನಾನು ನಕ್ಕೆ. ನಕ್ಕರೂ ಸೋತ ಹಾಗೆಯೇ ಎಂದು ಮತ್ತೆ ಶುರುಮಾಡಿಸಿದರು. ನಿಮ್ಮ ಚಡ್ಡಿ ಪೊಲೀಸರದು ಎಂದಳು. ತಡೆದುಕೊಂಡೆ. ಏನನ್ನಬೇಕು ಎಂದು ತಿಳಿಯದೆ ಆಕಡೆ ಈಕಡೆ ನೋಡಿ, ‘ನಿಮ್ಮಿಂದ ಅಮೂಲ್ಯಾ ದೀದಿ ಸೋತಳು’ ಎಂದುಬಿಟ್ಟಳು. ಅವಳಿಗೆ ಅದು ಬಟಾಟೆಯಷ್ಟೇ ಸಣ್ಣ ಮಾತು. ನಾನು ನಾಲ್ಕು ಎಣಿಸಿ ಉಸಿರು ಒಳಗೆ ತೆಗೆದುಕೊಂಡೆ, ಆರು ಎಣಿಸಿ ಹೊರಗೆ ಬಿಡಲು ಆಗಲಿಲ್ಲ, ಮೂರಕ್ಕೇ ಕಣ್ಣು ತುಂಬಿಬಂತು. ಆದರೂ ಬಾಗಿದೆ. ಮೈತ್ರೇಯಿ ಹೆದರಿ ನನ್ನ ಕೈ ಹಿಡಿದುಕೊಂಡಳು. ತನ್ಮಯ ಸರ್ ಸೋಲು ಗೆಲುವು ಏನೂ ಹೇಳದೆ ಎಲ್ಲರಿಗೂ ನೀರು ಕುಡಿಯಲು ಬಿಟ್ಟ.

ಮನೆಗೆ ನಡೆದು ಬರುವಾಗ ಅಮೂಲ್ಯಾ ನನಗಿಂತ ನಾಲ್ಕು ಹೆಜ್ಜೆ ಮುಂದೆ ಇದ್ದಳು. ನಮ್ಮ ಸೊಸೈಟಿಯ ಗೇಟಿನ ಹತ್ತಿರ, ಪೇರಲೆಹಣ್ಣಿನ ಗಾಡಿಯ ಮುಂದೆ ತಟ್ಟನೆ ನಿಂತು ತಿರುಗಿದಳು. ಕನ್ನಡ ಕೇಳಿದರೆ ಎಲ್ಲ ತಿಳಿಯುತ್ತದೆ, ಮಾತಾಡು ಎಂದರೆ ಮೂರು ಶಬ್ದಕ್ಕೆ ಮರಾಠಿಗೆ ಓಡುತ್ತಾಳೆ ಎಂದು ನೀನು ಗೊಣಗುತ್ತಿದ್ದೆಯಲ್ಲ, ಆ ಹುಡುಗಿ ಅಂದು ನಿನ್ನದೇ ಕನ್ನಡದಲ್ಲಿ ಬೈದಳು. ‘ಅಜ್ಜಾ, ನನಗ ಸಿಟ್ಟು ಬಂದದ. ಭಾಳ ಬಂದದ. ಆವತ್ತಿನಿಂದ ಬಂದದ. ಅಕಿ ಹೊಡದಾಗ ಸುದ್ದಾ ಬಂದಿತ್ತು. ನಾ ಅದನ್ನ ಹಿಡಕೊಂಡಿದ್ದೆ. ಏಳು ವರ್ಷ ಕಲಿತೇನಿ ಅದನ್ನ ಹಿಡಕೊಳ್ಳೋದು. ಹಿಡಕೊಂಡು ಗೆಲ್ಲಾಕಿ ಇದ್ದೆ. ನೀವು ಬಂದು ನನ್ನ ಸಿಟ್ಟು ನೀವ ಮಾಡಿಬಿಟ್ಟ್ರಿ. ಅದು ನಂದಿತ್ತು.’ ಉಸಿರು ತೆಗೆದುಕೊಂಡು ಇನ್ನೂ ಹೇಳಿದಳು. ‘ಮನ್ಯಾಗ ಎಲ್ಲಾರ್ದೂ ಸಿಟ್ಟು ನೀವ ಮಾಡ್ತೀರಿ. ಪಪ್ಪಾ ಮಾಡೂ ಹಂಗಿಲ್ಲ, ಮಮ್ಮಿ ಮಾಡೂ ಹಂಗಿಲ್ಲ. ನೀವು ಸುರು ಮಾಡಿದ್ರ ಎಲ್ಲಾರೂ ನಿಮ್ಮನ್ನ ಸಮಾಧಾನ ಮಾಡ್ಬೇಕು. ಮತ್ತ ನಮ್ಮದು ಯಾವಾಗ?’ ಕನ್ನಡ ಮುಗಿದ ಮೇಲೆ ಮರಾಠಿಯಲ್ಲಿ ಮುಂದುವರಿಸಿದಳು, ಅದೂ ಸಾಲದೆ ಇಂಗ್ಲಿಷಿನಲ್ಲಿ. ಅದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ, ಒಳ್ಳೆಯದೇ ಆಯಿತು.

ಪೇರಲೆ ಮಾರುವ ಪಾರ್ವತಿಬಾಯಿ ಚಾಕು ಹಿಡಿದ ಕೈ ಹಾಗೆಯೇ ನಿಲ್ಲಿಸಿ ಕೇಳುತ್ತಿದ್ದಳು. ವಾಚ್‌ಮನ್ ಕುರ್ಚಿ ತಿರುಗಿಸಿಕೊಂಡ. ನಾನು ನಿಂತೆ, ಪ್ರೇಮಾ. ‘ಏ, ದೊಡ್ಡವರ ಮುಂದೆ ಹೀಗೆ ಮಾತಾಡ್ತಾರಾ’ ಎಂಬ ಮಾತು ಗಂಟಲವರೆಗೆ ಬಂದು ನಿಂತಿತು. ಅದನ್ನು ನುಂಗಿದೆ. ನುಂಗುವುದು ಇಷ್ಟು ಕಷ್ಟದ ಕೆಲಸವೆಂದು ಎಪ್ಪತ್ತೊಂದನೇ ವರ್ಷದಲ್ಲಿ ಗೊತ್ತಾಯಿತು. ಹುಡುಗಿ ಅದನ್ನು ರಕ್ತ ಸುರಿಯುತ್ತಿರುವಾಗ ಮಾಡಿದ್ದಳು. ಅವಳ ಮಾತು ಪೂರ್ತಿ ಮುಗಿದ ಮೇಲೆ ನಾನು, ‘ಖರೇ ಅದವ್ವ. ಅದು ನಿಂದ ಇತ್ತು. ನಾ ತಗೋಬಾರದಿತ್ತು’ ಎಂದೆ. ಅವಳು ನನ್ನನ್ನು ದಿಟ್ಟಿಸಿ, ಇನ್ನೇನೋ ಜಗಳ ಬರುತ್ತದೆಂದು ಕಾದು, ಬರದಿದ್ದಾಗ ಏನು ಮಾಡಬೇಕೆಂದು ತಿಳಿಯದೆ, ‘ಪೇರಲ ಕೊಡಸ್ರಿ’ ಎಂದಳು. ಪಾರ್ವತಿಬಾಯಿ ಒಂದನ್ನು ನಾಲ್ಕಾಗಿ ಸೀಳಿ ಉಪ್ಪುಖಾರ ಹಚ್ಚಿ ಅವಳಿಗೆ ಕೊಟ್ಟಳು. ನನ್ನ ಕಡೆ ನೋಡಿ, ನಿಮಗೆ ಖಾರ ಕಡಿಮೆ ಹಾಕಲೇ ಎಂದು ಕೇಳಿದಳು.

ಅಂದಿನಿಂದ ಮನೆಯ ಗಾಳಿ ಬದಲಾಗಿದೆ. ಮರುದಿನ ಮೃದುಲಾ ನನ್ನ ಒದ್ದೆ ಟವೆಲ್ಲು ಹಾಸಿಗೆಯ ಮೇಲಿದ್ದುದಕ್ಕೆ ಜೋರಾಗಿ ಬೈದು, ಬೈದದ್ದಕ್ಕೆ ತಾನೇ ಬೆಚ್ಚಿ ನಿಂತಳು. ನಾನು ಟವೆಲ್ಲು ಒಣಹಾಕಿ ಬಂದೆ. ಸುಹಾಸ ಇನ್ನೂ ಅಭ್ಯಾಸ ಮಾಡುತ್ತಿದ್ದಾನೆ. ಮೊನ್ನೆ ‘ಅಪ್ಪಾ, ಟಿ.ವಿ. ಸಣ್ಣ ಮಾಡ್ರಿ’ ಎಂದು ಹೇಳಿ ಒಂದು ಹೆಜ್ಜೆ ಹಿಂದೆ ಸರಿದ.

ಕಳೆದ ಭಾನುವಾರ ನಾಶಿಕ್‌ನಲ್ಲೇ ಒಂದು ಸ್ಪರ್ಧೆ ಇತ್ತು. ನಾನು ಬರಲೇ ಎಂದು ಅಮೂಲ್ಯಾಳನ್ನು ಕೇಳಿದೆ. ಅವಳು ಯೋಚಿಸಿ, ಬನ್ನಿ, ಆದರೆ ಕೊನೆಯ ಸಾಲು ಎಂದಳು. ಕೊನೆಯ ಸಾಲಿನಲ್ಲಿ ಇಪ್ಪತ್ತೆರಡು ಜೋಡಿ ಚಪ್ಪಲಿ ಕಾಯುತ್ತ ಕೂತೆ. ಹುಡುಗಿ ಫೈನಲ್‌ವರೆಗೆ ಹೋದಳು. ಅಲ್ಲಿ ಅವಳ ಒಂದು ಒಳ್ಳೆಯ ಒದೆತಕ್ಕೆ ಜಡ್ಜುಗಳು ಅಂಕದ ಬಾವುಟ ಎತ್ತಲಿಲ್ಲ. ನನಗೇ ಕಾಣಿಸಿತು, ಅವರಿಗೆ ಕಾಣಲಿಲ್ಲ. ಆಗ ಏನಾಯಿತು ಗೊತ್ತೇ, ನಮ್ಮ ಕ್ಲಾಸಿನ ಅಷ್ಟೂ ಮಕ್ಕಳು, ಅವರ ಪಾಲಕರು, ತನ್ಮಯ ಸರ್ ಸಹ, ಮ್ಯಾಟು ಬಿಟ್ಟು ಹಿಂದೆ ತಿರುಗಿ ನನ್ನನ್ನು ನೋಡಿದರು. ನಾನು ಬಾಯಿಯಿಂದ ಆರು ಎಣಿಸುತ್ತಿದ್ದೆ. ಮ್ಯಾಟಿನ ಮೇಲಿಂದ ಅಮೂಲ್ಯಾಳೂ ನೋಡಿದಳು. ಹಲ್ಲುಕವಚದ ಹಿಂದೆ ನಕ್ಕಳು. ಒಂದು ಅಂಕದಿಂದ ಸೋತು ಬೆಳ್ಳಿ ಪದಕ ತಂದಳು. ಎದುರಾಳಿಗೆ ಬಾಗಿ, ರೆಫರಿಗೆ ಬಾಗಿ, ನೆಟ್ಟಗೆ ಕೊನೆಯ ಸಾಲಿಗೆ ಬಂದು ನನ್ನ ಹೆಗಲಿಗೆ ಮುಖವಿಟ್ಟು ಗಳಗಳ ಅತ್ತಳು. ಹಿಂದಿನ ನಾನಾಗಿದ್ದರೆ ಅಳಬೇಡ ಎನ್ನುತ್ತಿದ್ದೆ, ಇಲ್ಲವೇ ಜಡ್ಜಿನ ಮನೆತನವನ್ನೆಲ್ಲ ಎಳೆಯುತ್ತಿದ್ದೆ. ಸುಮ್ಮನೆ ಬೆನ್ನು ಸವರಿದೆ. ಐದು ನಿಮಿಷದಲ್ಲಿ ಮೂಗು ಒರೆಸಿಕೊಂಡು ವಡಾಪಾವ್ ಕೇಳಿದಳು. ಎರಡು ತಿಂದಳು. ಪದಕ ಈಗ ನಿನ್ನ ದೇವರ ಗೂಡಿನ ಮೊಳೆಗೆ ತೂಗುತ್ತಿದೆ. ಬೇಡವಾದರೆ ಹೇಳು, ತೆಗೆಯುತ್ತೇನೆ.

ಭಾರ್ಗವಿಗೆ ನನ್ನ ಆಶೀರ್ವಾದ, ಅಳಿಯಂದಿರಿಗೆ ನಮಸ್ಕಾರ, ಕೂಸಿನ ಎರಡೂ ಅಂಗಾಲಿಗೆ ಒಂದೊಂದು ಮುತ್ತು. ಮೃದುಲಾ, ಸುಹಾಸ ನಿನಗೆ ನಮಸ್ಕಾರ ಹೇಳಿದ್ದಾರೆ. ಅಮೂಲ್ಯಾ, ನನ್ನ ಹೆಸರಿನಲ್ಲಿ ಏನೂ ಬರೆಯಬೇಡಿ, ಅಜ್ಜಿಗೆ ನಾನೇ ಹೇಳುತ್ತೇನೆ ಎಂದಿದ್ದಾಳೆ. ತಣ್ಣೀರು ಮುಟ್ಟಬೇಡ.

ನಿನ್ನ
ಮಧುಕರ

ತಾ.ಕ.: ಸುಹಾಸನ ಫ್ಯಾಕ್ಟರಿಯ ಚನಬಸಪ್ಪ ಧಾರವಾಡಕ್ಕೆ ಹೊರಟು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಇದನ್ನು ಅವನ ಕೈಯಲ್ಲೇ ಕಳಿಸುತ್ತೇನೆ. ಮೂವತ್ತನೇ ತಾರೀಖಿನ ನಿನ್ನ ವಾಪಸ್ಸು ಟಿಕೆಟ್ಟನ್ನು ನೀನು ಕ್ಯಾನ್ಸಲ್ ಮಾಡಿಸಿದ್ದು ನನಗೆ ಗೊತ್ತಾಯಿತು. ಕೂಸಿನ ಲಸಿಕೆ ಎಂದು ಎಲ್ಲರೂ ಹೇಳಿದರು. ನಿನ್ನೆ ಸುಹಾಸನನ್ನು ಕೂರಿಸಿ ಕೇಳಿದೆ. ಬಹಳ ತಡವರಿಸಿ, ‘ಅವ್ವ ಅಂದ್ಲು, ಇಲ್ಲೆ ಧಾರವಾಡದಾಗ ಕಿವಿಗೆ ಆರಾಮ ಅದ ಅಂತ’ ಎಂದ. ನಾನು ಕೂಗಲಿಲ್ಲ, ಅವನನ್ನೇ ಕೇಳು. ನಲವತ್ತನಾಲ್ಕು ವರ್ಷ ನೀನು ತಿರುಗಿ ಒಂದು ಮಾತೂ ಆಡಲಿಲ್ಲ. ನಿನಗೆ ಸಿಟ್ಟೇ ಬರುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆನಲ್ಲ, ನಾನೆಂಥ ಮನುಷ್ಯ. ನಿನಗೆ ಟಿಕೆಟ್ ತೆಗೆಸಿಲ್ಲ. ನನಗೆ ತೆಗೆಸಿದ್ದೇನೆ, ಡಿಸೆಂಬರ್ ಏಳಕ್ಕೆ. ಬಂದು ನಿನ್ನ ಎದುರು ಕೂರುತ್ತೇನೆ. ಮೊದಲನೇ ವರ್ಷದಿಂದ ಶುರುಮಾಡು, ನಡುವೆ ಬಾಯಿ ಹಾಕುವುದಿಲ್ಲ. ಬರುವುದು ಬೇಡ ಎಂದರೆ ಬೇಡ ಎಂದು ಬರೆ, ಬರುವುದಿಲ್ಲ. ಆದರೆ ಯಾಕೆ ಬೇಡ ಎಂಬುದನ್ನು ಪೂರ್ತಿ ಬರೆ, ಎಷ್ಟು ಪುಟವಾದರೂ ಆಗಲಿ.